‘ತಾನು’ ಎಂದರೆ ಯಾರು? ‘ಸಂಸ್ಕಾರ’ದ ಓದುಗರ ಭಿನ್ನಮತವನ್ನು ಕರಾವಳಿಯಿಂದ ಓದುವುದು

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾದಂದಿನಿಂದ ಅದರ ಓದುಗರು ಒಮ್ಮತಕ್ಕೆ ಬಂದಿಲ್ಲ. ನವ್ಯದ ಶಿಖರಕೃತಿಗಳಲ್ಲಿ ಒಂದೆಂದು ಅದನ್ನು ಪಠ್ಯವಾಗಿಸಿದವರು ಒಂದು ಕಡೆ ಇದ್ದರೆ, ಮಾಧ್ವ ಸಮಾಜದ ವಿಕೃತ ಚಿತ್ರವೆಂದು ಬದಿಗಿಟ್ಟವರು ಇನ್ನೊಂದು ಕಡೆ ಇದ್ದಾರೆ. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಅದನ್ನು ಚಲನಚಿತ್ರವಾಗಿಸಿದಾಗ ಸೆನ್ಸಾರಿನವರು ಮೊದಲು ತಡೆಹಿಡಿದರು. ಅದೇ ಚಿತ್ರ ಮುಂದೆ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆಯಿತು. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವೂ 1965ರಲ್ಲಿಯೇ ಬಂದುದರಿಂದ, ಈ ಎರಡು ಕಾದಂಬರಿಗಳಲ್ಲಿ ಯಾವುದನ್ನು ಮೆಚ್ಚುತ್ತೀರಿ ಎಂಬ ಪ್ರಶ್ನೆ ಓದುಗನ ನಿಲುವನ್ನು ಅಳೆಯುವ ಮಾಪಕದಂತೆ ಬಳಕೆಯಾಗುತ್ತ ಬಂದಿದೆ. ಈ ಬಗೆಯ ವಿವರಣೆಗಳಲ್ಲೆಲ್ಲ ಒಂದು ಸಾಮಾನ್ಯ ನಂಬಿಕೆಯಿದೆ: ಓದುಗರು ಕಾದಂಬರಿಯ ಬಳಿಗೆ ಬರುವ ಮೊದಲೇ ವಿಭಜಿತರಾಗಿರುತ್ತಾರೆ, ಕೃತಿ ಆ ವಿಭಜನೆಯನ್ನು ಬೆಳಕಿಗೆ ತರುತ್ತದೆ ಅಷ್ಟೆ.

ನಾವೂ ಹಾಗೆಯೇ ನಂಬಿದ್ದೆವು. ತರಗತಿಯಲ್ಲಿ ಹಾಗೆಯೇ ಕಲಿಸುತ್ತಿದ್ದೆವು ಕೂಡ. ಭಿನ್ನಮತದ ಒಂದು ಪಾಲು ಓದುಗರ ಜಾತಿ, ಮತ, ವಯಸ್ಸುಗಳಲ್ಲಿ ಇಲ್ಲವೆಂದೂ, ಅದು ಕಾದಂಬರಿಯ ಕನ್ನಡದಲ್ಲಿ, ಇನ್ನೂ ಖಚಿತವಾಗಿ ಹೇಳುವುದಾದರೆ ‘ತಾನು’ ಎಂಬ ಒಂದು ಸರ್ವನಾಮದ ನಡವಳಿಕೆಯಲ್ಲಿ ಇದೆಯೆಂದೂ ಈಗ ನಮಗೆ ತೋರುತ್ತದೆ. ಈ ಲೇಖನದ ವಾದ ಇಷ್ಟೇ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಓದುಗರೊಡನೆ ತರಗತಿಯ ಒಳಗೂ ಹೊರಗೂ ನಡೆದ ಮಾತುಕತೆಗಳು ನಮ್ಮನ್ನು ಇಲ್ಲಿಗೆ ತಂದವು. ಅವು ಸಮೀಕ್ಷೆಯಲ್ಲ, ಅಂಕಿಅಂಶಗಳನ್ನು ನಿರೀಕ್ಷಿಸುವ ಓದುಗರಿಗೆ ಇಲ್ಲಿ ನಿರಾಶೆಯಾದೀತು.

ಈ ಮೂರು ಊರುಗಳೇ ಏಕೆ? ಕಾದಂಬರಿಯ ದೂರ್ವಾಸಪುರ ಘಟ್ಟದ ಮೇಲಿನದು. ಚಾರ್ಮಾಡಿ ಘಾಟಿಯ ಕೆಳಗಿರುವ ಬೆಳ್ತಂಗಡಿಯವರಿಗೆ ಆ ಮಲೆನಾಡು ನೆಂಟರ ಸೀಮೆ, ಆದರೂ ಅದು ತಮ್ಮದಲ್ಲ. ಭಾಷೆಯ ದೃಷ್ಟಿಯಿಂದಂತೂ ಈ ಅಂತರ ಇನ್ನೂ ಸ್ಪಷ್ಟ. ಇಲ್ಲಿ ಬಹುಪಾಲು ಓದುಗರ ಮನೆಮಾತು ಅಚ್ಚಿನ ಕನ್ನಡವಲ್ಲ. ತುಳು, ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ, ಮುಂಡಾಜೆಯ ಕಡೆ ಚಿತ್ಪಾವನಿ. ಕನ್ನಡ ಅವರಿಗೆ ಶಾಲೆಯ, ಪತ್ರಿಕೆಯ, ಯಕ್ಷಗಾನದ ಭಾಷೆ. ಮಕ್ಕಳಿಗಾಗಿ ಕನ್ನಡದಲ್ಲಿ ಬರೆದ ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರಲ್ಲಿ, ಇದೇ ಬಂಟ್ವಾಳದಲ್ಲಿ. ಅವರ ಮನೆಮಾತು ಕೊಂಕಣಿ. ಕನ್ನಡವನ್ನು ಹೀಗೆ ಕಲಿತು ಪಡೆದವರು ಕಾದಂಬರಿಯೊಂದನ್ನು ಓದುವಾಗ, ಹುಟ್ಟು ಕನ್ನಡಿಗರು ಗಮನಿಸದೆ ದಾಟಿಬಿಡುವ ವ್ಯಾಕರಣದ ಕಲ್ಲುಗಳನ್ನು ಎಡವುತ್ತಾರೆ. ಆ ಎಡವುವಿಕೆ ನಮ್ಮಂಥವರಿಗೆ ದತ್ತಾಂಶ.

ಅಂಥದೊಂದು ಪ್ರಸಂಗದಿಂದಲೇ ಆರಂಭಿಸಬಹುದು. ಸ್ನಾತಕೋತ್ತರ ತರಗತಿಯೊಂದರಲ್ಲಿ, ಪ್ರಾಣೇಶಾಚಾರ್ಯರು ಅಗ್ರಹಾರವನ್ನು ತೊರೆದು ಕಾಡಿನ ದಾರಿ ಹಿಡಿದ ಮೇಲಿನ ಭಾಗವನ್ನು ತುಳುವಿನಲ್ಲಿ ಬಾಯಿಮಾತಾಗಿ ಹೇಳುವಂತೆ ವಿದ್ಯಾರ್ಥಿಗಳನ್ನು ಕೇಳಿದ್ದೆವು. ಬೆಳ್ತಂಗಡಿ ತಾಲೂಕಿನ ಒಬ್ಬಾತ ಆಚಾರ್ಯರ ತಳಮಳವನ್ನು ‘ಯಾನ್’ ಎಂದು ಹೇಳತೊಡಗಿದ; ಅಂದರೆ ‘ನಾನು’. ಅದೇ ಪುಟವನ್ನು ಮೂಡುಬಿದಿರೆಯ ಕಡೆಯ ಒಬ್ಬಾಕೆ ‘ಆರ್’ ಎಂದು ಹೇಳಿದಳು. ಅಂದರೆ ಗೌರವವಾಚಿಯಾದ ‘ಅವರು’. ಅನಂತರ ಇಬ್ಬರೂ ಕಾದಂಬರಿಯ ಬಗ್ಗೆ ತಮ್ಮ ಅಭಿಪ್ರಾಯವನ್ನು ಹೇಳಿದಾಗ, ‘ಯಾನ್’ ಎಂದವನು ಇದು ಒಬ್ಬ ಮನುಷ್ಯನ ನೋವಿನ ಕಥೆಯೆಂದ. ‘ಆರ್’ ಎಂದವಳಿಗೆ ಇದು ಒಬ್ಬ ಆಚಾರ್ಯರನ್ನು ಕೆಳಗೆಳೆದು ತೋರಿಸುವ ಕಥೆಯಾಗಿ ಕಂಡಿತ್ತು. ಅವರಿಬ್ಬರ ಕೈಯಲ್ಲೂ ಇದ್ದುದು ಒಂದೇ ಮುದ್ರಣದ ಪ್ರತಿ. ಅದರಲ್ಲಿ ಇದ್ದುದು ‘ನಾನು’ವೂ ಅಲ್ಲ, ‘ಅವರು’ ಕೂಡ ಅಲ್ಲ, ‘ತಾನು’.

‘ತಾನು’ವಿನ ವ್ಯಾಕರಣವನ್ನು ಇಲ್ಲಿ ತುಸು ಬಿಡಿಸಬೇಕು. ಕ್ಲೋದ್ ಹಾಜೆಜ್ 1974ರಲ್ಲಿ ‘ಲೋಗೋಫೋರಿಕ್’ ಎಂಬ ಹೆಸರನ್ನು ಕೊಟ್ಟ, ಮರುವರ್ಷ ಕ್ಲೆಮೆಂಟ್ಸ್ ಪಶ್ಚಿಮ ಆಫ್ರಿಕದ ಎವೆ ಭಾಷೆಯಲ್ಲಿ ವಿವರಿಸಿದ ಸರ್ವನಾಮಗಳ ಕೆಲಸ ಏನೆಂದರೆ, ಯಾರ ಮಾತು ಅಥವಾ ಯೋಚನೆ ವರದಿಯಾಗುತ್ತಿದೆಯೋ ಅವರನ್ನೇ ಸೂಚಿಸುವುದು. ಕನ್ನಡದ ‘ತಾನು’ ಪೂರ್ತಿಯಾಗಿ ಈ ವರ್ಗದ್ದಲ್ಲ. ‘ರಾಮನು ತನ್ನನ್ನು ತಾನು ಹೊಗಳಿಕೊಂಡನು’ ಎಂಬಲ್ಲಿ ಅದು ಸಾಮಾನ್ಯ ಆತ್ಮವಾಚಕ. ಆದರೆ ‘ಎಂದು’ ಎಂಬ ಉಕ್ತಿಸೂಚಕದ ಒಳಗೆ ಬಂದಾಗ ಅದು ಬೇರೆಯೇ ಆಗುತ್ತದೆ: ‘ರಾಮನು ತಾನು ಬರುತ್ತೇನೆ ಎಂದನು’. ಇಲ್ಲಿ ಕರ್ತೃಪದ ಪ್ರಥಮ ಪುರುಷದ್ದು, ಕ್ರಿಯಾಪದದ ಪ್ರತ್ಯಯ ಉತ್ತಮ ಪುರುಷದ್ದು. ದ್ರಾವಿಡ ಭಾಷೆಗಳ ಈ ವೈಚಿತ್ರ್ಯವನ್ನು ತಮಿಳಿನ ಮಟ್ಟಿಗೆ ಸಂಧ್ಯಾ ಸುಂದರೇಶನ್ ವಿಸ್ತಾರವಾಗಿ ಚರ್ಚಿಸಿದ್ದಾರೆ. ಕನ್ನಡದ ಸ್ವವಾಚಕಗಳ ಬಗ್ಗೆ ಆರ್. ಅಮೃತವಲ್ಲಿಯವರ ಬರಹವೂ, ಸರ್ವನಾಮಗಳನ್ನೇ ಕುರಿತ ಡಿ. ಎನ್. ಶಂಕರ ಭಟ್ಟರ 2004ರ ಗ್ರಂಥವೂ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತ. ನಮಗೆ ಇಲ್ಲಿ ಮುಖ್ಯವಾದುದು, ‘ತಾನು’ ಮಾತಿನ ಒಳಗಿನವನಿಗೂ ಮಾತಿನ ಹೊರಗಿನವನಿಗೂ ನಡುವೆ ನಿಂತಿರುತ್ತದೆ ಎಂಬ ಅಂಶ. ಅದರ ಮುಖ ಎರಡೂ ಕಡೆಗಿದೆ.

ಈಗ ‘ಎಂದು’ವನ್ನೂ ‘ಎಂದುಕೊಂಡರು’ ಎಂಬ ಕ್ರಿಯಾಪದವನ್ನೂ ತೆಗೆದುಬಿಡೋಣ. ‘ತಾನು ಏನು ಮಾಡಬೇಕು?’ ಎಂಬ ವಾಕ್ಯ ಉಳಿಯುತ್ತದೆ. (ಈ ವಾಕ್ಯ ನಮ್ಮದು, ಕಾದಂಬರಿಯದಲ್ಲ.) ‘ಬೇಕು’ವಿಗೆ ಪುರುಷಪ್ರತ್ಯಯವಿಲ್ಲ, ಹಾಗಾಗಿ ಕ್ರಿಯಾಪದದಿಂದಲೂ ಸುಳಿವು ಸಿಗುವುದಿಲ್ಲ. ಕನ್ನಡದಲ್ಲಿ ವರದಿಯಾದ ಮಾತಿನ ಕಾಲ ಹಿಂದಕ್ಕೆ ಸರಿಯುವ ನಿಯಮವೂ ಇಲ್ಲ. ಇಂಗ್ಲಿಷಿನ ಮುಕ್ತ ಪರೋಕ್ಷ ಕಥನದ ಬಗ್ಗೆ ಆನ್ ಬ್ಯಾನ್‌ಫೀಲ್ಡ್ 1982ರಲ್ಲಿ ಮಾಡಿದ ವಿವೇಚನೆ ಕಾಲ ಮತ್ತು ಪುರುಷಗಳ ಪಲ್ಲಟವನ್ನು ಬಹುವಾಗಿ ಅವಲಂಬಿಸಿದೆ. ಅವೆರಡೂ ಗುರುತುಗಳು ನಮ್ಮಲ್ಲಿ ಮಸುಕು. ಪ್ರಶ್ನೆಯನ್ನು ಕೇಳುತ್ತಿರುವವರು ಆಚಾರ್ಯರೋ, ಆಚಾರ್ಯರ ಬಗ್ಗೆ ನಿರೂಪಕನೋ ಎಂಬುದನ್ನು ಓದುಗ ತಾನೇ ತೀರ್ಮಾನಿಸಬೇಕು. ತುಳುವಿನಲ್ಲಿಯೂ ‘ತಾನ್’ ಇದೆ. ಆದರೆ ಕಥೆಯನ್ನು ಬಾಯಿಮಾತಾಗಿ ಒಪ್ಪಿಸುವಾಗ ನಮ್ಮ ವಿದ್ಯಾರ್ಥಿಗಳು ಅದರ ಆಸರೆ ಪಡೆಯಲಿಲ್ಲ. ‘ಯಾನ್ ದಾದ ಮಲ್ಪೊಡು’ ಎನ್ನಬೇಕೋ ‘ಆರ್ ದಾದ ಮಲ್ಪೊಡು’ ಎನ್ನಬೇಕೋ ಎಂದು ಆರಿಸಿದರು. ಕನ್ನಡದಲ್ಲಿ ಓದಿದ ನಾವೆಲ್ಲರೂ ಅದೇ ಆಯ್ಕೆಯನ್ನು ಮೌನವಾಗಿ ಮಾಡಿದ್ದೆವು. ಮಾಡಿದ್ದೇವೆಂಬ ಅರಿವು ನಮಗಿರಲಿಲ್ಲ.

ಇದಕ್ಕೆ ಗೌರವಸೂಚಕ ಬಹುವಚನವನ್ನೂ ಸೇರಿಸಿಕೊಳ್ಳಬೇಕು. ನಿರೂಪಕನಿಗೆ ಪ್ರಾಣೇಶಾಚಾರ್ಯರು ‘ಆಚಾರ್ಯರು’, ನಾರಣಪ್ಪ ‘ಅವನು’. ‘ಆಚಾರ್ಯರು’ ಎಂಬ ಕರ್ತೃವಿಗೆ ನಿಯಮದಂತೆ ಹೊಂದುವ ಆತ್ಮವಾಚಕ ‘ತಾವು, ತಮ್ಮ’. ತನ್ನೊಳಗೆ ತಾನೇ ಮಾತಾಡಿಕೊಳ್ಳುವಾಗ ಯಾರೂ ತಮಗೆ ತಾವೇ ಬಹುವಚನ ಕೊಟ್ಟುಕೊಳ್ಳುವುದಿಲ್ಲ. ಅಲ್ಲಿ ‘ತಾನು, ತನ್ನ’. ಆದ್ದರಿಂದ ‘ತಮ್ಮ’ದಿಂದ ‘ತನ್ನ’ಕ್ಕೆ ಜಾರುವ ಕಡೆಗಳಲ್ಲೆಲ್ಲ ದನಿ ಬದಲಾಗಿದೆಯೇ ಎಂದು ಕೇಳಬಹುದು. ಈ ಒಂದೇ ಸೂಕ್ಷ್ಮವನ್ನು ಹಿಡಿದು ಕಾದಂಬರಿಯ ಪ್ರತಿ ಪುಟವನ್ನೂ ಗುರುತು ಹಾಕುವ ಕೆಲಸ ಯಾವನಾದರೂ ಸಂಶೋಧನಾರ್ಥಿಗೆ ಯೋಗ್ಯವಾದುದು. ಜಾರುವಿಕೆ ನಿಯತವಾಗಿಲ್ಲದ ಕಡೆಗಳೇ ಬಹುಶಃ ಹೆಚ್ಚು ಹೇಳಿಯಾವು. ನಮ್ಮ ಅನುಭವದಲ್ಲಿ ಕಾದಂಬರಿಯ ಮೇಲೆ ಕೋಪಗೊಂಡ ಓದುಗರು ಉಲ್ಲೇಖಿಸುವ ಸ್ಥಳಗಳು ಸಾಮಾನ್ಯವಾಗಿ ಇಂಥವೇ. ಅಗ್ರಹಾರದ ಬ್ರಾಹ್ಮಣರ ಹೊಟ್ಟೆಬಾಕತನ, ಚಂದ್ರಿಯ ಒಡವೆಯ ಮೇಲಿನ ಆಸೆ, ತಮ್ಮ ಹೆಂಡಿರ ಬಗೆಗಿನ ಜುಗುಪ್ಸೆ: ಇವನ್ನು ಲೇಖಕನ ನಿಂದೆಯೆಂದು ಓದಿದವರು ಒಂದು ಕಡೆ, ದುರ್ಗಾಭಟ್ಟನ ಅಥವಾ ಆಚಾರ್ಯರ ಕಣ್ಣಿನಿಂದ ಬಿದ್ದ ನೆರಳೆಂದು ಓದಿದವರು ಇನ್ನೊಂದು ಕಡೆ. ಇಬ್ಬರಿಗೂ ವ್ಯಾಕರಣದ ಬೆಂಬಲವಿದೆ. ‘ತಪ್ಪಾಗಿ ಓದಿದಿರಿ’ ಎಂದು ಮೊದಲನೆಯವರಿಗೆ ವರ್ಷಗಟ್ಟಲೆ ಹೇಳಿದ್ದು ನಮ್ಮ ಅಧ್ಯಾಪನದ ದೋಷವೆಂದು ಒಪ್ಪಿಕೊಳ್ಳಬೇಕಾಗಿದೆ.

ಕನ್ನಡದ ಹೊರಗೆ ಹೋದ ‘ಸಂಸ್ಕಾರ’ದ ಗತಿಯನ್ನು ಇದರ ಬೆಳಕಿನಲ್ಲಿ ನೋಡಬಹುದು. ಎ. ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದ 1976ರದು. ಇಂಗ್ಲಿಷಿನಲ್ಲಿ ‘ತಾನು’ ಇಲ್ಲ. ಅನುವಾದಕ ಎಷ್ಟೇ ಸೂಕ್ಷ್ಮಜ್ಞನಾದರೂ ಪ್ರತಿ ವಾಕ್ಯದಲ್ಲೂ ‘ನಾನು’ ಇಲ್ಲವೆ ‘ಅವನು’ ಎಂದು ಆರಿಸಲೇಬೇಕು, ನಮ್ಮ ತುಳು ವಿದ್ಯಾರ್ಥಿಗಳಂತೆ. ವಿ. ಎಸ್. ನೈಪಾಲರು 1977ರ ತಮ್ಮ ಭಾರತ ಕುರಿತ ಪುಸ್ತಕದಲ್ಲಿ ಪ್ರಾಣೇಶಾಚಾರ್ಯರನ್ನು, ವಿಧಿನಿಯಮಗಳ ಆಸರೆ ತಪ್ಪಿದೊಡನೆ ಸ್ವತ್ವವೇ ಕಾಣೆಯಾಗುವ ಹಿಂದೂ ಮನಸ್ಸಿನ ನಿದರ್ಶನವಾಗಿ ಓದಿದರು. ಸ್ವತ್ವಕ್ಕೆಂದೇ ಮೀಸಲಾದ ಸರ್ವನಾಮವೊಂದು ಪುಟಪುಟದಲ್ಲೂ ದುಡಿಯುತ್ತಿರುವ ಕೃತಿಯಲ್ಲಿ ಸ್ವತ್ವ ಕಾಣಲಿಲ್ಲವೆನ್ನುವುದು ಸ್ವಾರಸ್ಯಕರ. ಆದರೆ ಈ ಸ್ವಾರಸ್ಯವನ್ನು ಹಿಗ್ಗಿಸುವುದು ಬೇಡ. ಭಾಷೆಯಲ್ಲಿ ಪದವಿದ್ದ ಮಾತ್ರಕ್ಕೆ ಜನರಲ್ಲಿ ಗುಣವಿರುತ್ತದೆಂಬ ವಾದ ನಮ್ಮ ಶಾಸ್ತ್ರದಲ್ಲಿ ಈಗಾಗಲೇ ಸಾಕಷ್ಟು ಹಾನಿ ಮಾಡಿದೆ.

ಅನುವಾದದ ಮಾತು ಬಂದುದರಿಂದ ಶೀರ್ಷಿಕೆಯ ಬಗ್ಗೆ ಒಂದು ಮಾತು. ರಾಮಾನುಜನ್ ‘ಸಂಸ್ಕಾರ’ ಎಂಬ ಪದವನ್ನು ಅನುವಾದಿಸದೆ ಉಳಿಸಿ, ಪುಸ್ತಕದ ಮೊದಲಿಗೆ ಕಿಟ್ಟೆಲ್ ನಿಘಂಟಿನ ಅರ್ಥಗಳನ್ನು ಕೊಟ್ಟರು. ಆ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದುದು. ಹೀಗೆ ಜಗತ್ತಿನ ಇಂಗ್ಲಿಷ್ ಓದುಗರು ಈ ಮಲೆನಾಡಿನ ಕಥೆಗೆ ಪ್ರವೇಶಿಸುವುದು ನಮ್ಮ ಕರಾವಳಿಯ ಒಂದು ಪುಸ್ತಕದ ಬಾಗಿಲಿನಿಂದ. ಬಂಟ್ವಾಳದ ತುಳು ಓದುಗರಿಗಾದರೋ ಆ ಬಾಗಿಲು ಅಷ್ಟು ಅಗಲವಾಗಿಲ್ಲ. ಸತ್ತವರಿಗೆ ಮಾಡುವ ಉತ್ತರಕ್ರಿಯೆ ಅವರಿಗೆ ‘ಬೊಜ್ಜ’. ಒಳ್ಳೆಯ ನಡತೆಯ ಅರ್ಥದ ‘ಸಂಸ್ಕಾರ’ ಅವರ ಮಾತಿಗೆ ಕನ್ನಡದಿಂದ ಬಂದ ಬೇರೆಯೇ ಪದ. ಕನ್ನಡದ ಒಂದು ಪದದಲ್ಲಿ ಹೆಣೆದುಕೊಂಡಿರುವ ಶವದಹನ ಮತ್ತು ಶೀಲ ಇಲ್ಲಿ ಬಿಡಿಯಾಗಿ ನಿಲ್ಲುತ್ತವೆ. ಕಥೆಯ ಶ್ಲೇಷೆ ಕೇಳಿಸದೆ ಹೋಗಿ, ಮೊದಲ ಪ್ರಶ್ನೆ ಬಹಳ ಲೌಕಿಕವಾಗುತ್ತದೆ: ನಾರಣಪ್ಪನ ಬೊಜ್ಜ ಯಾರದು? ಅಳಿಯಸಂತಾನದ ಮನೆಗಳಲ್ಲಿ ಬೆಳೆದ ಹಿರಿಯರಿಗೆ ಇದಕ್ಕೆ ಉತ್ತರ ತಾಯಿಯ ಕಡೆಯಿಂದ ಹುಡುಕಬೇಕಾದುದು. 1949ರ ಅಳಿಯಸಂತಾನ ಕಾಯಿದೆಯ ವ್ಯಾಜ್ಯಗಳನ್ನು ಕಂಡವರೊಬ್ಬರು, ಮಕ್ಕಳಿಲ್ಲದವನ ಶವದ ಮುಂದೆ ಇಡೀ ಅಗ್ರಹಾರ ಉಪವಾಸ ಕೂರುವುದನ್ನು ಓದಿ, ಇವರಿಗೆ ಅಕ್ಕತಂಗಿಯರೇ ಇರಲಿಲ್ಲವೆ ಎಂದು ಕೇಳಿದ್ದರು. ನಗು ಬಂದರೂ ಅದು ನ್ಯಾಯವಾದ ಪ್ರಶ್ನೆ.

ಧರ್ಮಶಾಸ್ತ್ರ ಬಲ್ಲ ಓದುಗರ ಆಕ್ಷೇಪವೂ ಬೇರೊಂದು ಬಗೆಯಲ್ಲಿ ಲೌಕಿಕವೇ. ಕಾಶಿಯಲ್ಲಿ ಓದಿ ವೇದಾಂತಶಿರೋಮಣಿಯೆನಿಸಿದವರಿಗೆ ಇಂಥ ಶವಕ್ಕೆ ವಿಧಿ ಸಿಗಲಿಲ್ಲವೆಂಬುದು ನಂಬುವಂಥದಲ್ಲ ಎಂದು ಅವರು ಹೇಳುತ್ತಾರೆ. ಬೆಳ್ತಂಗಡಿಯವರು ಇದರ ಜೊತೆಗೆ ಇನ್ನೊಂದನ್ನು ಸೇರಿಸುತ್ತಾರೆ. ಜೈನ ಹೆಗ್ಗಡೆಯವರ ಆಡಳಿತ, ಶಿವನ ಸನ್ನಿಧಿ, ಮಾಧ್ವರ ಪೂಜೆ ಇವು ಮೂರೂ ಒಂದೇ ಪ್ರಾಕಾರದೊಳಗಿರುವ ಧರ್ಮಸ್ಥಳ ಅವರ ತಾಲೂಕಿನಲ್ಲಿದೆ. ದೂರ್ವಾಸಪುರದ ಮಾಧ್ವರು ಪಾರಿಜಾತಪುರದ ಸ್ಮಾರ್ತರನ್ನು ನೋಡುವ ಬಿಗುವು ಅವರಿಗೆ ಅತಿರೇಕವೆನಿಸುವುದು ಸಹಜ. ನಮ್ಮ ದೃಷ್ಟಿಯಲ್ಲಿ ಇದು ಕಾದಂಬರಿಯ ಮೇಲಿನ ಗಂಭೀರ ಆಕ್ಷೇಪವಲ್ಲ. ದೂರ್ವಾಸಪುರ ಒಂದು ಮನಃಸ್ಥಿತಿಯ ಹೆಸರು. ಊರಾಗಿ ಅದನ್ನು ಪರೀಕ್ಷಿಸುವುದರಿಂದ ಸಿಗುವುದು ಕಡಿಮೆ.

ಮೂಡುಬಿದಿರೆಯ ಓದು ಹೆಚ್ಚು ಆಳದ್ದು. ರತ್ನಾಕರವರ್ಣಿಯ ‘ಭರತೇಶವೈಭವ’ ಹದಿನಾರನೆಯ ಶತಮಾನದಲ್ಲಿ ಈ ಪರಿಸರದಲ್ಲಿ ಹುಟ್ಟಿದ ಸಾಂಗತ್ಯ ಕಾವ್ಯ. ಅದರ ಭರತ ಭೋಗದ ನಡುವೆಯೇ ಯೋಗಿ. ಆ ಕಾವ್ಯವನ್ನು ಕೇಳಿ ಬೆಳೆದ ಜೈನ ಓದುಗರೊಬ್ಬರು ನಮಗೆ ಹೇಳಿದ್ದು: ಚಂದ್ರಿಯೊಡನೆ ಕಳೆದ ಒಂದು ರಾತ್ರಿಯಿಂದ ಆಚಾರ್ಯರ ಲೋಕವೆಲ್ಲ ಕುಸಿಯಬೇಕಾದರೆ, ಭೋಗ ಮತ್ತು ಯೋಗಗಳನ್ನು ಅವರು ಮೊದಲೇ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿದ್ದರು, ನವ್ಯದವರಿಗೆ ಹೊಸದಾಗಿ ಕಂಡ ಈ ಇಕ್ಕಟ್ಟು ನಮಗೆ ಹಳೆಯದು. ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ. ಈಗ ಇಷ್ಟನ್ನು ಹೇಳಬಹುದು: ಭರತನ ಸಮನ್ವಯವನ್ನು ಹೇಳುವವನು ಕವಿ, ಅದನ್ನು ಕಂಡವನೂ ಕವಿ. ಆಚಾರ್ಯರ ಬಿರುಕನ್ನು ಹೊರಗಿನಿಂದ ನೋಡಿ ಹೇಳುವವರು ಯಾರೂ ಇಲ್ಲ. ಅದು ‘ತಾನು’ವಿನ ಒಳಗಿನಿಂದಲೇ ಕಾಣಬೇಕು. ಇಕ್ಕಟ್ಟು ಹಳೆಯದಿರಬಹುದು, ಅದು ಕಾಣುವ ಕೋನ ಹೊಸದು.

ಹಾಗಾದರೆ ಈ ‘ತಾನು’ ಯಾರಿಗೆಲ್ಲ ದಕ್ಕಿದೆ? ಕಿರಿಯ ಓದುಗರ, ವಿಶೇಷವಾಗಿ ವಿದ್ಯಾರ್ಥಿನಿಯರ ಮತ್ತು ದಲಿತ ವಿದ್ಯಾರ್ಥಿಗಳ ಆಕ್ಷೇಪವನ್ನು ನಾವು ಈ ರೂಪದಲ್ಲಿ ಅರ್ಥಮಾಡಿಕೊಳ್ಳುತ್ತೇವೆ. ಕಾದಂಬರಿಯ ವಿರುದ್ಧ ಕೇಳಿಬರುವ ಮಾತುಗಳಲ್ಲಿ ಅತ್ಯಂತ ತೂಕವಾದುದು ಇದೇ ಎಂಬುದು ನಮ್ಮ ಅಭಿಪ್ರಾಯ. ಆಚಾರ್ಯರಿಗೆ ‘ತಾನು’ವಿನ ಉದ್ದುದ್ದದ ಹಾಸುಗಳಿವೆ. ದುರ್ಗಾಭಟ್ಟ, ಶ್ರೀಪತಿಯರಿಗೂ ಒಂದಿಷ್ಟು ಪಾಲಿದೆ. ಕಾಯಿಲೆಯ ಹಾಸಿಗೆಯ ಭಾಗೀರಥಿ ಬಹುತೇಕ ಹೊರಗಿನಿಂದಲೇ ಕಾಣುತ್ತಾಳೆ. ಬೆಳ್ಳಿಯನ್ನು ನೋಡುವವರು ಅನೇಕರು. ಅವಳು ನೋಡುವುದು ಅತ್ಯಲ್ಪ. ಪ್ಲೇಗಿನಿಂದ ಅವಳ ಕೇರಿಯವರು ಸತ್ತಾಗ ಶವದೊಡನೆ ಗುಡಿಸಲಿಗೇ ಬೆಂಕಿ ಬೀಳುತ್ತದೆ. ಅತ್ತ ಒಂದು ಶವಕ್ಕೆ ವಿಧಿಯಿಲ್ಲದೆ ಗ್ರಂಥಗಳೆಲ್ಲ ಮಗುಚುತ್ತಿದ್ದರೆ, ಇತ್ತ ಸಂಸ್ಕಾರ ಎಂಬ ಪದವೇ ಯಾರ ಬಾಯಿಗೂ ಬರುವುದಿಲ್ಲ. ಲೇಖಕರು ಈ ವೈದೃಶ್ಯವನ್ನು ಅರಿತೇ ಇಟ್ಟಿದ್ದಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ವ್ಯಂಗ್ಯ ನಮಗೆ ತಿಳಿಯುತ್ತದೆ, ಕೇರಿಯವರಿಗೆ ತಿಳಿಯಿತೇ ಎಂದು ಕೇಳಲು ಕಾದಂಬರಿಯ ವ್ಯಾಕರಣದಲ್ಲಿ ದಾರಿಯಿಲ್ಲ. ಅವರಿಗೆ ‘ತಾನು’ ಇಲ್ಲ.

ಚಂದ್ರಿಯ ವಿಷಯದಲ್ಲಿ ಮಾತ್ರ ನಾವು ಈ ಓದುಗರಿಂದ ಬೇರೆಯಾಗುತ್ತೇವೆ. ಅವಳು ಆಚಾರ್ಯರ ಜ್ಞಾನೋದಯಕ್ಕೆ ಉಪಕರಣ, ಕೆಲಸ ಮುಗಿದ ಮೇಲೆ ಕಥೆಯಿಂದ ಮಾಯವಾಗುತ್ತಾಳೆ ಎಂಬ ಟೀಕೆ ಪ್ರಚಲಿತ. ಮಾಯವಾಗುವುದು ನಿಜ. ಆದರೆ ಇಡೀ ಕಾದಂಬರಿಯಲ್ಲಿ ನಾರಣಪ್ಪನ ಶವ ಸುಡುವುದು ಒಂದೇ ಸಲ, ಸುಡಿಸುವವಳು ಕುಂದಾಪುರದಿಂದ ಬಂದ ಈ ಹೆಂಗಸು. ಅದು ಅಗ್ರಹಾರದ ಯಾರಿಗೂ ತಿಳಿಯುವುದಿಲ್ಲ. ಪರಿಹಾರವಾಗಿ ಹೋದ ಪ್ರಶ್ನೆಗೆ ಪರಿಹಾರ ಹುಡುಕಿಕೊಂಡು ಬ್ರಾಹ್ಮಣರು ಮಠಕ್ಕೆ ನಡೆಯುತ್ತಾರೆ. ಆ ರಾತ್ರಿಯನ್ನು ನಾವು ಕಾಣುವುದು ಚಂದ್ರಿಯ ಬಳಿ ನಿಂತು. ಅವಳಿಗೆ ದಕ್ಕಿದ ಪುಟಗಳು ಕಡಿಮೆಯಾದರೂ, ಕಥೆಯ ಕೇಂದ್ರದ ಕ್ರಿಯೆ ಆ ಪುಟಗಳಲ್ಲಿಯೇ ಇದೆ.

ಅವಳಿಗೆ ನೆರವಾದವನನ್ನು ಮೊದಲು ಗುರುತಿಸಿದವರು ಬಂಟ್ವಾಳದ ಓದುಗರು. ರಾಮಾನುಜನ್ನರ ಇಂಗ್ಲಿಷಿನಲ್ಲಿ ಆತನ ಹೆಸರು ‘ಅಹ್ಮದ್ ಬಾರಿ’. ಹೊರಗಿನವರಿಗೆ ಅದು ಒಂದು ಮುಸ್ಲಿಂ ಹೆಸರು, ಆತ ಒಬ್ಬ ಮೀನಿನ ವ್ಯಾಪಾರಿ. ನೇತ್ರಾವತಿಯ ದಂಡೆಯ ಓದುಗನಿಗೆ ಆತ ಬ್ಯಾರಿ. ಅದು ಸಮುದಾಯದ ಹೆಸರು, ಆ ಸಮುದಾಯ ಆಡುವ ಭಾಷೆಯ ಹೆಸರು, ಸರಕಾರದ ಸಾಹಿತ್ಯ ಅಕಾಡೆಮಿಯಿರುವ ನುಡಿ. ಕರಾವಳಿಯ ಹೆಂಗಸು ಮತ್ತು ಕರಾವಳಿಯ ಮಾತಿನವನು ಸೇರಿ ಮಲೆನಾಡಿನ ಬ್ರಾಹ್ಮಣನನ್ನು ಸುಟ್ಟರು ಎಂಬುದು ಇಲ್ಲಿ ಕಥೆಯ ಮುಖ್ಯ ಸಂಗತಿಯಾಗಿಬಿಡುತ್ತದೆ. ಬ್ಯಾರಿ ಮನೆಮಾತಿನ ವಿದ್ಯಾರ್ಥಿಯೊಬ್ಬ, ಆತನಿಗೆ ಹಿಂದೆ ನಾರಣಪ್ಪ ಹಣ ಕೊಟ್ಟು ನೆರವಾಗಿದ್ದ ಸಣ್ಣ ವಿವರವನ್ನು ನೆನಪಿಟ್ಟುಕೊಂಡಿದ್ದ, ನಾವು ಮರೆತಿದ್ದೆವು. ಆ ರಾತ್ರಿ ಗಾಡಿ ಹೊಡೆಯುವಾಗ ಅವರಿಬ್ಬರೂ ಯಾವ ಭಾಷೆಯಲ್ಲಿ ಮಾತಾಡಿಕೊಂಡಿರಬಹುದು ಎಂದೂ ಆತ ಕೇಳಿದ. ಭಾಷಾವಿಜ್ಞಾನದ ತರಗತಿಯಲ್ಲಿ ಈ ಪ್ರಶ್ನೆಯನ್ನು ನಾವೇ ಎತ್ತಬೇಕಾಗಿತ್ತು.

ಭಿನ್ನಮತವೆಲ್ಲ ಸರ್ವನಾಮದಿಂದಲೇ ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಮೇಲಿನ ಉದಾಹರಣೆಗಳಲ್ಲೇ ಅರ್ಧದಷ್ಟು ಬೇರೆ ಮೂಲಗಳವು: ಬೊಜ್ಜ, ಅಳಿಯಸಂತಾನ, ‘ಭರತೇಶವೈಭವ’. ‘ತಾನು’ವನ್ನು ‘ನಾನು’ ಎಂದು ಓದುವುದಕ್ಕೋ ‘ಅವರು’ ಎಂದು ಓದುವುದಕ್ಕೋ ಓದುಗನ ಮನೆ, ಮಠ, ಶಾಲೆಗಳು ಕಾರಣವಾಗಿರಬಹುದು. ಆಗ ವ್ಯಾಕರಣ ಕಾರಣವಲ್ಲ, ಅವಕಾಶ ಮಾತ್ರ. ಈ ಆಕ್ಷೇಪವನ್ನು ಒಪ್ಪುತ್ತೇವೆ. ಆದರೆ ಅವಕಾಶವನ್ನೇ ಕೊಡದ ಕಾದಂಬರಿಗಳೂ ಇವೆ. ಅವು ಮೆಚ್ಚುಗೆಯನ್ನೋ ತಿರಸ್ಕಾರವನ್ನೋ ಪಡೆದು ಸುಮ್ಮನಾಗಿವೆ. ಅವುಗಳ ಬಗ್ಗೆ ಅರ್ಧ ಶತಮಾನಕ್ಕೂ ಮೀರಿ ಯಾರೂ ಜಗಳವಾಡಿಲ್ಲ.

ಅದೇ ತರಗತಿಯಲ್ಲಿ ವರ್ಷದ ಕೊನೆಗೆ ಕಾದಂಬರಿಯ ಕೊನೆಯ ಪುಟವನ್ನು ತುಳುವಿಗೆ ತರಲು ಮತ್ತೆ ಪ್ರಯತ್ನಿಸಿದೆವು. ಆಚಾರ್ಯರು ಗಾಡಿ ಹತ್ತಿದ್ದಾರೆ, ದೂರ್ವಾಸಪುರ ಇನ್ನೂ ಕೆಲವು ಗಂಟೆಗಳ ದಾರಿ, ಊರು ಮುಟ್ಟಿದ ಮೇಲೆ ಏನು ಹೇಳುವರೆಂಬುದು ಗೊತ್ತಿಲ್ಲ. ಬೆಳ್ತಂಗಡಿಯವನು ಈ ಸಲ ‘ಆರ್’ ಎಂದ. ಹಿಂದೆ ‘ಆರ್’ ಎಂದಿದ್ದವಳು, ಇಲ್ಲಿ ಮಾತ್ರ ‘ಯಾನ್’ ಎನ್ನದೆ ಗತಿಯಿಲ್ಲ ಎಂದು ಹಟ ಹಿಡಿದಳು. ಗಂಟೆ ಬಾರಿಸಿದಾಗ ಹಲಗೆಯ ಮೇಲೆ ಇದ್ದುದು ‘ತಾನ್’. ಅದು ತುಳುವಿನಲ್ಲಿ ಸಹಜವಾಗಿ ಕೇಳುವುದಿಲ್ಲವೆಂದು ಹಿಂದಿನ ಬೆಂಚಿನವರು ಗೊಣಗುತ್ತಿದ್ದರು.